ಲಿನಕ್ಸ್‌ನಲ್ಲಿ ಡಿಎನ್‌ಎಸ್ ಸರ್ವರ್: ಸಾಮಾನ್ಯ ತೊಂದರೆಗಳು ಮತ್ತು ಪರಿಹಾರ

(ಸಂಸ್ಥೆಯ ಕಂಪ್ಯೂಟರ್ ಕೇಂದ್ರದಲ್ಲಿ ಸದಸ್ಯರು ಹಾಗೂ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)



ಇಂದು ವಿದ್ಯಾರ್ಥಿವೇತನದ ಅರ್ಜಿ, ಪರೀಕ್ಷೆಯ ಫಲಿತಾಂಶ, ಕಾಲೇಜು ಪ್ರವೇಶ ಎಲ್ಲವೂ ಇಂಟರ್ನೆಟ್ ಮೂಲಕವೇ ನಡೆಯುತ್ತವೆ. ಮನೆಯಲ್ಲಿ ಕಂಪ್ಯೂಟರ್ ಇಲ್ಲದ ಮಕ್ಕಳಿಗೆ ಸಂಸ್ಥೆಯ ಲ್ಯಾಬ್ ಒಂದೇ ಆಸರೆ. ಅರ್ಜಿಯ ಕೊನೆಯ ದಿನ ಲ್ಯಾಬಿನಲ್ಲಿ ಯಾವ ಸೈಟೂ ತೆರೆಯದಿದ್ದರೆ "ನೆಟ್ ಹೋಗೈತ್ರೀ" ಎಂದು ಎಲ್ಲರೂ ಕೈಕಟ್ಟಿ ಕೂಡುತ್ತಾರೆ. ಹುಬ್ಬಳ್ಳಿಯಿಂದ ಮೆಕ್ಯಾನಿಕ್ ಬರುವ ಹೊತ್ತಿಗೆ ಸಂಜೆಯಾಗಿರುತ್ತದೆ, ಒಂದು ಮಗುವಿನ ಒಂದು ವರ್ಷದ ನೆರವು ಕೈತಪ್ಪಿರುತ್ತದೆ. ಎಷ್ಟೋ ಸಲ ನೆಟ್ ಹೋಗಿರುವುದೇ ಇಲ್ಲ. ಹೆಸರು ಹುಡುಕಿಕೊಡುವ ಒಂದು ಸಣ್ಣ ವ್ಯವಸ್ಥೆ ಮಾತ್ರ ನಿಂತಿರುತ್ತದೆ. ಅದನ್ನು ನಮ್ಮ ವಿದ್ಯಾರ್ಥಿಗಳೇ ಹತ್ತು ನಿಮಿಷದಲ್ಲಿ ಸರಿಪಡಿಸಬಲ್ಲರು ಎಂಬುದನ್ನು ತೋರಿಸುವುದೇ ಈ ಮಾತಿನ ಉದ್ದೇಶ.

ಒಂದು ಸೂಚನೆ. ಆಜ್ಞೆಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡ ಅಕ್ಷರಗಳಲ್ಲಿ ಬರೆಯಲಾಗಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು.

ಡಿಎನ್‌ಎಸ್ ಎಂದರೇನು?

ಕಂಪ್ಯೂಟರುಗಳು ಒಂದನ್ನೊಂದು ಗುರುತಿಸುವುದು ಸಂಖ್ಯೆಯಿಂದ, ನಾವು ನೆನಪಿಡುವುದು ಹೆಸರನ್ನು. ಹೆಸರನ್ನು ಸಂಖ್ಯೆಯಾಗಿ ತಿಳಿಸಿಕೊಡುವ ವ್ಯವಸ್ಥೆಯೇ ಡೊಮೇನ್ ನೇಮ್ ಸಿಸ್ಟಮ್, ಅಂದರೆ ಡಿಎನ್‌ಎಸ್. ಮೊದಲು ಎಲ್ಲ ಹೆಸರುಗಳೂ ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆ ಇಟ್ಟುಕೊಂಡಿದ್ದ ಒಂದೇ ಕಡತದಲ್ಲಿದ್ದವು. ಕಂಪ್ಯೂಟರುಗಳು ಹೆಚ್ಚಾದಂತೆ ಅದು ಸಾಲದಾಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬ ವಿಜ್ಞಾನಿ ಡಿಎನ್‌ಎಸ್ ಅನ್ನು ರೂಪಿಸಿದರು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ನಾಲ್ವರು ವಿದ್ಯಾರ್ಥಿಗಳು ಅದಕ್ಕಾಗಿ 'ಬೈಂಡ್' ಎಂಬ ತಂತ್ರಾಂಶ ಬರೆದರು. ಲಿನಕ್ಸ್ ಸರ್ವರುಗಳಲ್ಲಿ ಇಂದಿಗೂ ವ್ಯಾಪಕವಾಗಿ ಬಳಕೆಯಲ್ಲಿರುವುದು ಅದೇ ಬೈಂಡ್. ಅದನ್ನು ಬರೆದವರೂ ನಿಮ್ಮ ಹಾಗೆ ವಿದ್ಯಾರ್ಥಿಗಳಾಗಿದ್ದರು ಎಂಬುದನ್ನು ಮರೆಯಬೇಡಿ.

ಈ ವ್ಯವಸ್ಥೆ ನವಲಗುಂದದವರಿಗೆ ಬೇಗ ತಿಳಿಯುತ್ತದೆ, ಏಕೆಂದರೆ ಇದು ಮಲಪ್ರಭಾ ಬಲದಂಡೆ ಕಾಲುವೆಯಂತೆಯೇ ಇದೆ. ನವಿಲುತೀರ್ಥದ ಅಣೆಕಟ್ಟಿನಿಂದ ಮುಖ್ಯ ಕಾಲುವೆ, ಅದರಿಂದ ಉಪಕಾಲುವೆ, ಅದರಿಂದ ಹೊಲಗಾಲುವೆ. ಡಿಎನ್‌ಎಸ್‌ನಲ್ಲಿಯೂ ಮೇಲೆ 'ರೂಟ್' ಎಂಬ ಮೂಲ ಇದೆ. ಅದಕ್ಕೆ 13 ಹೆಸರಿನ ಸರ್ವರುಗಳಿವೆ, ಅವುಗಳ ಪ್ರತಿಗಳು ಮುಂಬೈ, ದೆಹಲಿ, ಚೆನ್ನೈನಂಥ ನಗರಗಳಲ್ಲಿಯೂ ಇವೆ. ವಿದ್ಯಾರ್ಥಿವೇತನದ 'ಸ್ಕಾಲರ್‌ಶಿಪ್ಸ್ ಡಾಟ್ ಗವ್ ಡಾಟ್ ಇನ್' ಎಂಬ ಹೆಸರನ್ನು ನಿಮ್ಮ ಸರ್ವರ್ ಹುಡುಕಬೇಕೆಂದುಕೊಳ್ಳಿ. ಅದು ಮೊದಲು ರೂಟನ್ನು ಕೇಳುತ್ತದೆ. ರೂಟ್ 'ಡಾಟ್ ಇನ್' ಸರ್ವರಿನ ಕಡೆ ಕಳಿಸುತ್ತದೆ. ಡಾಟ್ ಇನ್‌ನ ಹೊಣೆ ನಿಕ್ಸಿ ಸಂಸ್ಥೆಯದು. ಅದು 'ಗವ್ ಡಾಟ್ ಇನ್' ನೋಡಿಕೊಳ್ಳುವ ಎನ್‌ಐಸಿಯ ಸರ್ವರಿನ ಕಡೆ ಕಳಿಸುತ್ತದೆ. ಕೊನೆಗೆ ಸಂಖ್ಯೆ ಸಿಗುತ್ತದೆ. ಸಿಕ್ಕ ಉತ್ತರವನ್ನು ನಿಮ್ಮ ಸರ್ವರ್ ಕೆಲವು ಕಾಲ ಶೇಖರಿಸಿಡುತ್ತದೆ, ಊರಿನ ಕೆರೆಯಲ್ಲಿ ನೀರು ನಿಲ್ಲಿಸಿದ ಹಾಗೆ. ಇದಕ್ಕೆ ಕ್ಯಾಶ್ ಎನ್ನುತ್ತಾರೆ. ಎರಡನೆಯ ಹುಡುಗ ಅದೇ ಹೆಸರು ಕೇಳಿದಾಗ ಉತ್ತರ ಕೂಡಲೇ ಸಿಗುತ್ತದೆ.

ಕಾಲುವೆಯ ಕೊನೆಯ ಹೊಲಕ್ಕೆ ನೀರು ಬರದಿದ್ದರೆ ರೈತ ಹೊಲವನ್ನು ಅಗೆಯುವುದಿಲ್ಲ. ಕಾಲುವೆಯ ದಂಡೆ ಹಿಡಿದು ಮೇಲಕ್ಕೆ ನಡೆಯುತ್ತಾನೆ, ಒಂದೊಂದೇ ತೂಬನ್ನು ನೋಡುತ್ತಾನೆ. ಎಲ್ಲಿಯವರೆಗೆ ನೀರಿದೆ, ಎಲ್ಲಿಂದ ಇಲ್ಲ ಎಂದು ತಿಳಿದರೆ ದೋಷ ಸಿಕ್ಕಂತೆ. ಆದರೆ ಕಂಪ್ಯೂಟರ್ ಮುಂದೆ ಕುಳಿತಾಗ ನಾವು ಈ ಬುದ್ಧಿಯನ್ನು ಮರೆಯುತ್ತೇವೆ. ಮೋಡೆಮ್ ಬಂದ್ ಮಾಡುತ್ತೇವೆ, ನಾಲ್ಕು ಕಡತ ಬದಲಿಸುತ್ತೇವೆ, ಕೊನೆಗೆ ಲಿನಕ್ಸನ್ನೇ ಹೊಸದಾಗಿ ಹಾಕುತ್ತೇವೆ. ಹಾಗೆ ಮಾಡದೆ ಕೆಳಗಿನ ಏಳು ಪ್ರಶ್ನೆಗಳನ್ನು ಕ್ರಮವಾಗಿ ಕೇಳಿ.

1. ದೋಷ ಹೆಸರಿನದೋ, ದಾರಿಯದೋ?

ಮೊದಲು ಹೊರಗಿನ ಒಂದು ಸಂಖ್ಯೆಗೆ, ಉದಾಹರಣೆಗೆ 8.8.8.8ಕ್ಕೆ, ಪಿಂಗ್ ಮಾಡಿ. ನಂತರ ಒಂದು ಹೆಸರಿಗೆ ಪಿಂಗ್ ಮಾಡಿ. ಸಂಖ್ಯೆಗೆ ಉತ್ತರ ಬಂದು ಹೆಸರಿಗೆ ಬರದಿದ್ದರೆ ನೆಟ್ ಇದೆ, ಡಿಎನ್‌ಎಸ್ ಕೆಟ್ಟಿದೆ ಎಂದರ್ಥ. ಎರಡಕ್ಕೂ ಬರದಿದ್ದರೆ ಮೊದಲು ಕೇಬಲ್, ಮೋಡೆಮ್, ಸಂಪರ್ಕ ನೋಡಬೇಕು. ಆಗ ಡಿಎನ್‌ಎಸ್ ಕಡತಗಳನ್ನು ಮುಟ್ಟುವುದೇ ಬೇಡ.

2. ಪ್ರಶ್ನೆ ನಮ್ಮ ಸರ್ವರಿಗೇ ಹೋಗುತ್ತಿದೆಯೇ?

ಇಟಿಸಿ ಡೈರೆಕ್ಟರಿಯಲ್ಲಿರುವ 'ರಿಸಾಲ್ವ್ ಡಾಟ್ ಕಾನ್ಫ್' ಕಡತವನ್ನು ತೆರೆದು ನೋಡಿ. ಯಾವ ಸರ್ವರನ್ನು ಕೇಳಬೇಕು ಎಂಬುದು ಅಲ್ಲಿರುತ್ತದೆ. ಉಬುಂಟುವಿನಲ್ಲಿ ಅಲ್ಲಿ 127.0.0.53 ಎಂದು ಕಂಡರೆ ಗಾಬರಿ ಬೇಡ, ಅದು ಆ ಯಂತ್ರದೊಳಗಿನ ಮಧ್ಯವರ್ತಿ. 'ರಿಸಾಲ್ವ್‌ಸಿಟಿಎಲ್ ಸ್ಟೇಟಸ್' ಎಂದು ಕೊಟ್ಟರೆ ನಿಜವಾದ ಸರ್ವರಿನ ಸಂಖ್ಯೆ ಕಾಣುತ್ತದೆ. ರಿಸಾಲ್ವ್ ಡಾಟ್ ಕಾನ್ಫ್ ಕಡತವನ್ನು ಕೈಯಿಂದ ತಿದ್ದಿದರೆ ನೆಟ್‌ವರ್ಕ್ ಮ್ಯಾನೇಜರ್ ಅದನ್ನು ಮತ್ತೆ ಅಳಿಸಿ ಬರೆಯಬಹುದು. ಬದಲಾವಣೆಯನ್ನು ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿಯೇ ಮಾಡಬೇಕು.

ಇಲ್ಲಿ ಮೂರು ತಪ್ಪುಗಳು ಸಾಮಾನ್ಯ. ಒಂದು, ಡಿಎನ್‌ಎಸ್ ಸರ್ವರಿಗೆ ಸ್ಥಿರ ಸಂಖ್ಯೆ ಕೊಡದಿರುವುದು. ಕರೆಂಟ್ ಹೋಗಿ ಬಂದ ಮೇಲೆ ಅದಕ್ಕೆ ಬೇರೆ ಸಂಖ್ಯೆ ಸಿಗುತ್ತದೆ, ಉಳಿದ ಯಂತ್ರಗಳು ಹಳೆಯ ಸಂಖ್ಯೆಯನ್ನೇ ಕೇಳುತ್ತಿರುತ್ತವೆ. ಎರಡು, ಮೋಡೆಮ್ ರೀಸೆಟ್ ಆದಾಗ ಅದು ಯಂತ್ರಗಳಿಗೆಲ್ಲ ತನ್ನದೇ ಡಿಎನ್‌ಎಸ್ ಹಂಚುವುದು. ಆಗ ಹೊರಗಿನ ಸೈಟುಗಳು ತೆರೆಯುತ್ತವೆ, ಲ್ಯಾಬಿನೊಳಗಿನ ಹೆಸರುಗಳು ಮಾತ್ರ ಸಿಗುವುದಿಲ್ಲ. ಮೂರು, ಇರಲಿ ಎಂದು ಎರಡನೆಯ ಸ್ಥಾನದಲ್ಲಿ ಹೊರಗಿನ ಸರ್ವರನ್ನು ಸೇರಿಸುವುದು. ಮೊದಲನೆಯದು 'ಇಂಥ ಹೆಸರಿಲ್ಲ' ಎಂದು ಹೇಳಿದರೆ ಲಿನಕ್ಸ್ ಎರಡನೆಯದನ್ನು ಕೇಳುವುದಿಲ್ಲ. ಮೊದಲನೆಯದು ಉತ್ತರಿಸದಿದ್ದಾಗ ಮಾತ್ರ ಎರಡನೆಯದಕ್ಕೆ ಹೋಗುತ್ತದೆ, ಆ ಹೊರಗಿನ ಸರ್ವರಿಗೆ ನಿಮ್ಮ ಒಳಗಿನ ಹೆಸರುಗಳು ಗೊತ್ತಿರುವುದಿಲ್ಲ. ಒಮ್ಮೆ ಸಿಗುತ್ತದೆ, ಒಮ್ಮೆ ಸಿಗುವುದಿಲ್ಲ ಎಂಬ ದೂರಿಗೆ ಇದೇ ಕಾರಣವಾಗಿರಬಹುದು. ಹಾಗೆಯೇ ಬ್ರೌಸರಿನಲ್ಲಿ 'ಸೆಕ್ಯೂರ್ ಡಿಎನ್‌ಎಸ್' ಆನ್ ಆಗಿದ್ದರೆ ಬ್ರೌಸರ್ ನಿಮ್ಮ ಸರ್ವರನ್ನು ಬಿಟ್ಟು ನೇರವಾಗಿ ಹೊರಗೆ ಕೇಳಬಹುದು. ಅದನ್ನೂ ನೋಡಿಕೊಳ್ಳಿ.

3. ಸರ್ವರ್ ಎದ್ದಿದೆಯೇ?

ಬೈಂಡ್‌ನ ಸೇವೆಯ ಹೆಸರು 'ನೇಮ್‌ಡಿ'. 'ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ನೇಮ್‌ಡಿ' ಎಂದು ಕೊಟ್ಟರೆ ಅದು ನಡೆಯುತ್ತಿದೆಯೇ ಇಲ್ಲವೇ ತಿಳಿಯುತ್ತದೆ. ನಿಂತಿದ್ದರೆ 'ಜರ್ನಲ್‌ಸಿಟಿಎಲ್' ಮೂಲಕ ಅದರ ದಾಖಲೆ ಓದಿ. ದಾಖಲೆ ಓದದೆ ಕೈಹಾಕುವುದು ನಾಡಿ ನೋಡದೆ ಔಷಧ ಕೊಟ್ಟಂತೆ. ಅದರಲ್ಲಿ ಎಷ್ಟೋ ಸಲ ಕಡತದ ಹೆಸರು, ಸಾಲಿನ ಸಂಖ್ಯೆ ಸಹಿತ ತಪ್ಪನ್ನು ಬರೆದಿರುತ್ತದೆ.

ಹೆಚ್ಚಾಗಿ ಕಾಣುವ ತಪ್ಪು ಸೆಟ್ಟಿಂಗ್ಸ್ ಕಡತದಲ್ಲಿ ಒಂದು ಅರ್ಧವಿರಾಮ ಚಿಹ್ನೆ ಅಥವಾ ಒಂದು ಬ್ರಾಕೆಟ್ ಬಿಟ್ಟುಹೋಗಿರುವುದು. ಆದ್ದರಿಂದ ಪ್ರತಿ ತಿದ್ದುಪಡಿಯ ನಂತರ, ಸರ್ವರನ್ನು ಮತ್ತೆ ಚಾಲೂ ಮಾಡುವ ಮೊದಲೇ, 'ನೇಮ್‌ಡಿ-ಚೆಕ್‌ಕಾನ್ಫ್' ಆಜ್ಞೆ ಕೊಡಿ. ಅದು ಏನೂ ಹೇಳದಿದ್ದರೆ ಬರವಣಿಗೆ ಸರಿಯಿದೆ ಎಂದರ್ಥ. ಇನ್ನೊಂದು ಕಾರಣವೆಂದರೆ 53ನೇ ಪೋರ್ಟನ್ನು ಬೇರೆ ತಂತ್ರಾಂಶ, ಉದಾಹರಣೆಗೆ ಡಿಎನ್‌ಎಸ್‌ಮಾಸ್ಕ್, ಮೊದಲೇ ಹಿಡಿದುಕೊಂಡಿರುವುದು. ಒಂದೇ ಕುರ್ಚಿಯಲ್ಲಿ ಇಬ್ಬರು ಕೂಡಲಾಗುವುದಿಲ್ಲ. 'ಎಸ್‌ಎಸ್' ಆಜ್ಞೆಯಿಂದ ಯಾರು ಕುಳಿತಿದ್ದಾರೆಂದು ನೋಡಿ, ಬೇಡವಾದುದನ್ನು ನಿಲ್ಲಿಸಿ.

4. ಸರ್ವರ್ ಎಲ್ಲರಿಗೂ ಬಾಗಿಲು ತೆರೆದಿದೆಯೇ?

ಸರ್ವರ್ ಯಂತ್ರದಲ್ಲಿ ಎಲ್ಲ ಸರಿ, ಉಳಿದ ಯಂತ್ರಗಳಲ್ಲಿ ಏನೂ ಇಲ್ಲ. ಹೊಸದಾಗಿ ಕಲಿಯುವವರಿಗೆ ಎದುರಾಗುವ ತೊಂದರೆ ಇದು. ರೆಡ್ ಹ್ಯಾಟ್ ಬಳಗದ ಲಿನಕ್ಸ್‌ಗಳಲ್ಲಿ, ಅಂದರೆ ಅಲ್ಮಾ, ರಾಕಿ ಮೊದಲಾದವುಗಳಲ್ಲಿ, ಬೈಂಡ್ ಮೊದಲಿಗೆ ತನ್ನ ಯಂತ್ರದ ಪ್ರಶ್ನೆಗಳಿಗೆ ಮಾತ್ರ ಉತ್ತರಿಸುವಂತೆ ಇರುತ್ತದೆ. 'ಲಿಸನ್-ಆನ್' ಸಾಲಿನಲ್ಲಿ ಸರ್ವರಿನ ಲ್ಯಾಬ್ ಸಂಖ್ಯೆಯನ್ನೂ, 'ಅಲೋ-ಕ್ವೆರಿ' ಸಾಲಿನಲ್ಲಿ ಲ್ಯಾಬಿನ ಜಾಲವನ್ನೂ, ಉದಾಹರಣೆಗೆ 192.168.1.0/24, ಸೇರಿಸಬೇಕು.

ನಂತರ ಫೈರ್‌ವಾಲ್. 53ನೇ ಪೋರ್ಟನ್ನು ಯುಡಿಪಿ ಮತ್ತು ಟಿಸಿಪಿ ಎರಡಕ್ಕೂ ತೆರೆಯಬೇಕು. ಯುಡಿಪಿಗೆ ಮಾತ್ರ ತೆರೆದರೆ ಚಿಕ್ಕ ಉತ್ತರಗಳು ಬರುತ್ತವೆ. ದೊಡ್ಡ ಉತ್ತರವಿದ್ದಾಗ ಯಂತ್ರ ಟಿಸಿಪಿಯಲ್ಲಿ ಮತ್ತೆ ಕೇಳಿ ಸೋಲುತ್ತದೆ. ಕೆಲವೇ ಹೆಸರುಗಳು ಸಿಗದಿರುವುದಕ್ಕೆ ಇದು ಕಾರಣವಾಗಬಹುದು.

ಆದರೆ ಬಾಗಿಲನ್ನು ಊರಿಗೆಲ್ಲ ತೆರೆಯಬಾರದು. 'ಅಲೋ-ರಿಕರ್ಷನ್' ಸಾಲಿನಲ್ಲಿ ನಿಮ್ಮ ಲ್ಯಾಬನ್ನು ಮಾತ್ರ ಇಡಿ. ಯಾರು ಬೇಕಾದರೂ ಕೇಳಬಹುದಾದ ಸರ್ವರನ್ನು ದುಷ್ಟರು ಇನ್ನೊಬ್ಬರ ಮೇಲೆ ದಾಳಿ ಮಾಡಲು ಬಳಸುತ್ತಾರೆ. ಸುಳ್ಳು ವಿಳಾಸದಿಂದ ಚಿಕ್ಕ ಪ್ರಶ್ನೆ ಕೇಳಿ, ದೊಡ್ಡ ಉತ್ತರ ಬೇರೆಯವರ ಮೇಲೆ ಹೋಗಿ ಬೀಳುವಂತೆ ಮಾಡುತ್ತಾರೆ. ನಮ್ಮ ಸರ್ವರಿನಿಂದ ಇನ್ನೊಬ್ಬರಿಗೆ ತೊಂದರೆಯಾಗದಂತೆ ನೋಡುವುದೂ ನಮ್ಮ ಹೊಣೆ.

5. ಉತ್ತರ ಏನು ಹೇಳುತ್ತಿದೆ?

ಡಿಎನ್‌ಎಸ್ ಕೆಲಸಕ್ಕೆ ಮುಖ್ಯ ಆಯುಧ 'ಡಿಗ್' ಎಂಬ ಆಜ್ಞೆ. ಡಿಗ್ ಎಂದು ಬರೆದು, @192.168.1.10 ಎಂಬಂತೆ ಸರ್ವರಿನ ಸಂಖ್ಯೆ ಕೊಟ್ಟು, ಮುಂದೆ ಬೇಕಾದ ಹೆಸರು ಬರೆಯಿರಿ. ಉತ್ತರದ ಮೇಲ್ಭಾಗದಲ್ಲಿ 'ಸ್ಟೇಟಸ್' ಎಂಬ ಒಂದು ಪದವಿರುತ್ತದೆ. ಅದನ್ನು ಓದಲು ಕಲಿತರೆ ಅರ್ಧ ಕೆಲಸ ಮುಗಿದಂತೆ.

'ನೋಎರರ್' ಎಂದರೆ ಸರ್ವರಿಗೆ ತೊಂದರೆಯಿಲ್ಲ. ಆದರೂ ಉತ್ತರದ ಭಾಗ ಖಾಲಿಯಿದ್ದರೆ ಹೆಸರಿದೆ, ನೀವು ಕೇಳಿದ ಬಗೆಯ ದಾಖಲೆ ಇಲ್ಲ ಎಂದರ್ಥ. 'ಎನ್‌ಎಕ್ಸ್‌ಡೊಮೇನ್' ಎಂದರೆ ಇಂಥ ಹೆಸರೇ ಇಲ್ಲ. ಟೈಪ್ ಮಾಡಿದ ಅಕ್ಷರ ಅಥವಾ ವಲಯದ ಕಡತ ನೋಡಿ. 'ರಿಫ್ಯೂಸ್ಡ್' ಎಂದರೆ ನಿಮಗೆ ಉತ್ತರಿಸಲು ಅನುಮತಿಯಿಲ್ಲ, ನಾಲ್ಕನೆಯ ಪ್ರಶ್ನೆಗೆ ಹಿಂತಿರುಗಿ. 'ಸರ್ವ್‌ಫೇಲ್' ಎಂದರೆ ಸರ್ವರ್ ಪ್ರಯತ್ನಿಸಿ ಸೋತಿದೆ: ಮೇಲಿನ ಸರ್ವರ್ ಸಿಗುತ್ತಿಲ್ಲ, ವಲಯದ ಕಡತ ಕೆಟ್ಟಿದೆ, ಇಲ್ಲವೇ ಸಹಿ ಹೊಂದುತ್ತಿಲ್ಲ. ಏನೂ ಬಾರದೆ 'ಟೈಮ್ಡ್ ಔಟ್' ಎಂದರೆ ದಾರಿಯೇ ಮುಚ್ಚಿದೆ ಅಥವಾ ಸರ್ವರ್ ಮಲಗಿದೆ.

ಹೊರಗಿನ ಹೆಸರಾದರೆ 'ಡಿಗ್ +ಟ್ರೇಸ್' ಕೊಡಿ. ಅದು ರೂಟಿನಿಂದ ಹಿಡಿದು ಪ್ರತಿ ಮೆಟ್ಟಿಲನ್ನೂ ತೋರಿಸುತ್ತದೆ. ಎಲ್ಲಿ ನಿಂತಿತೋ ಅಲ್ಲಿಯೇ ದೋಷ.

6. ವಲಯದ ಕಡತ ಸರಿಯಿದೆಯೇ?

ಲ್ಯಾಬಿನ ಒಳಗಿನ ಹೆಸರುಗಳನ್ನು ಬರೆದಿಡುವ ಕಡತವೇ ವಲಯದ ಕಡತ, ಅಂದರೆ ಜೋನ್ ಫೈಲ್. 'ನೇಮ್‌ಡಿ-ಚೆಕ್‌ಜೋನ್' ಆಜ್ಞೆ ಇದನ್ನು ಪರೀಕ್ಷಿಸುತ್ತದೆ. ಆದರೂ ಕೆಲವು ತಪ್ಪು ನಮ್ಮ ಕಣ್ಣಿಗೇ ಬೀಳಬೇಕು.

ಕೊನೆಯ ಚುಕ್ಕೆ: ಪೂರ್ಣ ಹೆಸರಿನ ಕೊನೆಗೆ ಒಂದು ಚುಕ್ಕೆ ಇಡಬೇಕು. ಇಡದಿದ್ದರೆ ಬೈಂಡ್ ಅದನ್ನು ಅರ್ಧ ಹೆಸರೆಂದು ತಿಳಿದು ವಲಯದ ಹೆಸರನ್ನು ಮತ್ತೊಮ್ಮೆ ಅಂಟಿಸುತ್ತದೆ. 'ಪಿಸಿ1.ಲ್ಯಾಬ್.ಇಂಟರ್ನಲ್' ಎಂಬುದು 'ಪಿಸಿ1.ಲ್ಯಾಬ್.ಇಂಟರ್ನಲ್.ಲ್ಯಾಬ್.ಇಂಟರ್ನಲ್' ಆಗಿಬಿಡುತ್ತದೆ.

ಸರಣಿ ಸಂಖ್ಯೆ: ಕಡತ ತಿದ್ದಿದಾಗಲೆಲ್ಲ ಸೀರಿಯಲ್ ಸಂಖ್ಯೆಯನ್ನು ಹೆಚ್ಚಿಸಬೇಕು. ವರ್ಷ, ತಿಂಗಳು, ದಿನ ಮತ್ತು ಅಂದಿನ ಎಷ್ಟನೆಯ ಬದಲಾವಣೆ ಎಂದು ಬರೆಯುವುದು ರೂಢಿ. ಎರಡನೆಯ ಸರ್ವರ್ ಈ ಸಂಖ್ಯೆ ಹೆಚ್ಚಾಗಿದ್ದರೆ ಮಾತ್ರ ಹೊಸ ಪ್ರತಿ ಪಡೆಯುತ್ತದೆ. ಕೈತಪ್ಪಿ ದೊಡ್ಡ ಸಂಖ್ಯೆ ಬರೆದು ಆಮೇಲೆ ಸರಿಪಡಿಸಿದರೆ, ಎರಡನೆಯದು ಹಳೆಯದನ್ನೇ ಹಿಡಿದು ಕೂಡುತ್ತದೆ. ಆಗ ಎರಡನೆಯ ಸರ್ವರಿನಲ್ಲಿ 'ಆರ್‌ಎನ್‌ಡಿಸಿ ರೀಟ್ರಾನ್ಸ್‌ಫರ್' ಎಂದು ವಲಯದ ಹೆಸರು ಸಹಿತ ಕೊಡಬೇಕು.

ಕಡತದ ಅನುಮತಿ: ಬೇರೆ ಡೈರೆಕ್ಟರಿಯಲ್ಲಿ ಬರೆದ ಕಡತವನ್ನು ಸ್ಥಳಾಂತರಿಸಿದರೆ ಎಸ್‌ಇಲಿನಕ್ಸ್ ಅದನ್ನು ಓದಲು ಬಿಡದಿರಬಹುದು. ಎಸ್‌ಇಲಿನಕ್ಸನ್ನೇ ಬಂದ್ ಮಾಡುವುದು ಪರಿಹಾರವಲ್ಲ, 'ರಿಸ್ಟೋರ್‌ಕಾನ್' ಆಜ್ಞೆ ಸಾಕು.

ಹೆಸರಿನ ಆಯ್ಕೆ: ಒಳಗಿನ ಹೆಸರಿಗೆ 'ಡಾಟ್ ಲೋಕಲ್' ಬಳಸಬೇಡಿ, ಅದು ಬೇರೊಂದು ವ್ಯವಸ್ಥೆಗೆ ಮೀಸಲು. 2024ರಲ್ಲಿ ಐಕ್ಯಾನ್ ಸಂಸ್ಥೆ 'ಡಾಟ್ ಇಂಟರ್ನಲ್' ಅನ್ನು ಖಾಸಗಿ ಬಳಕೆಗೆ ಮೀಸಲಿಟ್ಟಿದೆ.

ಕನ್ನಡ ಹೆಸರಿನ ಬಗ್ಗೆಯೂ ಒಂದು ಮಾತು. ಈಗ '.ಭಾರತ' ಎಂದು ಕನ್ನಡ ಲಿಪಿಯಲ್ಲಿಯೇ ಡೊಮೇನ್ ಇದೆ. ಆದರೆ ಡಿಎನ್‌ಎಸ್‌ನೊಳಗೆ ಅದು ಇಂಗ್ಲಿಷ್ ಅಕ್ಷರಗಳ ರೂಪದಲ್ಲಿ ಸಾಗುತ್ತದೆ. ಆ ರೂಪ ಎಕ್ಸ್, ಎನ್ ಮತ್ತು ಎರಡು ಅಡ್ಡಗೆರೆಗಳಿಂದ ಆರಂಭವಾಗುತ್ತದೆ, ಇದಕ್ಕೆ ಪ್ಯೂನಿಕೋಡ್ ಎಂದು ಹೆಸರು. ವಲಯದ ಕಡತದಲ್ಲಿ ಆ ರೂಪವನ್ನೇ ಬರೆಯಬೇಕು.

7. ಕಾಲ ಸರಿಯಿದೆಯೇ?

ಕಾಲದ ತೊಂದರೆ ಎರಡು ಬಗೆ. ಮೊದಲನೆಯದು ಕ್ಯಾಶ್. ಸಂಖ್ಯೆ ಬದಲಿಸಿದರೂ ಹಳೆಯದೇ ಬರುತ್ತಿದ್ದರೆ ಶೇಖರಿಸಿದ ಉತ್ತರದ ಅವಧಿ ಮುಗಿದಿಲ್ಲ ಎಂದು ತಿಳಿಯಿರಿ. ಈ ಅವಧಿಗೆ ಟಿಟಿಎಲ್ ಎನ್ನುತ್ತಾರೆ, ಅದು ಸೆಕೆಂಡುಗಳಲ್ಲಿರುತ್ತದೆ. 86400 ಎಂದರೆ ಒಂದು ದಿನ. ಬದಲಾವಣೆ ಮಾಡುವ ಹಿಂದಿನ ದಿನವೇ ಅದನ್ನು 300ಕ್ಕೆ ಇಳಿಸಿಟ್ಟರೆ ಐದು ನಿಮಿಷದಲ್ಲಿ ಹೊಸದು ಕಾಣುತ್ತದೆ. ನಿಮ್ಮ ಸರ್ವರಿನ ಕ್ಯಾಶ್ ಖಾಲಿ ಮಾಡಲು 'ಆರ್‌ಎನ್‌ಡಿಸಿ ಫ್ಲಶ್' ಕೊಡಿ. 'ಇಲ್ಲ' ಎಂಬ ಉತ್ತರವೂ ಕ್ಯಾಶ್‌ನಲ್ಲಿ ನಿಲ್ಲುತ್ತದೆ ಎಂಬುದು ನೆನಪಿರಲಿ.

ಎರಡನೆಯದು ಗಡಿಯಾರ. ಕರೆಂಟ್ ಆಗಾಗ ಹೋಗುವ ನಮ್ಮ ಕಡೆ ಇದನ್ನು ಎಲ್ಲರೂ ತಿಳಿದಿರಬೇಕು. ಡಿಎನ್‌ಎಸ್ ಉತ್ತರ ಸಾಚಾ ಹೌದೋ ಅಲ್ಲವೋ ಎಂದು ನೋಡಲು ಡಿಎನ್‌ಎಸ್‌ಸೆಕ್ ಎಂಬ ಸಹಿಯ ಪದ್ಧತಿ ಇದೆ. 2010ರಲ್ಲಿ ರೂಟಿಗೆ ಈ ಸಹಿ ಬಂತು. ಹದೀಸ್ ವಿದ್ಯೆಯಲ್ಲಿ ಇಸ್ನಾದ್ ಇರುವ ಹಾಗೆ ಇಲ್ಲಿಯೂ ಸರಪಳಿ ಇದೆ: ರೂಟ್ ಡಾಟ್ ಇನ್‌ಗೆ ಸಾಕ್ಷಿ, ಡಾಟ್ ಇನ್ ತನ್ನ ಕೆಳಗಿನದಕ್ಕೆ ಸಾಕ್ಷಿ. ಒಂದು ಕೊಂಡಿ ಸಡಿಲವಾದರೂ ಉತ್ತರವನ್ನು ಸ್ವೀಕರಿಸುವುದಿಲ್ಲ. ಪ್ರತಿ ಸಹಿಗೂ ಆರಂಭದ ಮತ್ತು ಮುಗಿಯುವ ದಿನಾಂಕ ಇರುತ್ತದೆ. ಹಳೆಯ ಕಂಪ್ಯೂಟರಿನ ಮದರ್‌ಬೋರ್ಡಿನ ಸೆಲ್ ಸತ್ತಿದ್ದರೆ ಕರೆಂಟ್ ಬಂದಾಗ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಆಗ ಸರ್ವರ್ 'ಈ ಸಹಿಯ ಕಾಲ ಇನ್ನೂ ಬಂದಿಲ್ಲ' ಎಂದು ಉತ್ತರಗಳನ್ನು ತಳ್ಳಿಹಾಕುತ್ತದೆ, ಎಲ್ಲೆಡೆ ಸರ್ವ್‌ಫೇಲ್. ಗಡಿಯಾರವನ್ನು ನೆಟ್‌ನಿಂದ ಸರಿಪಡಿಸೋಣವೆಂದರೆ ಸಮಯದ ಸರ್ವರಿನ ಹೆಸರು ಹುಡುಕಲೂ ಡಿಎನ್‌ಎಸ್ ಬೇಕು. ಕೀಲಿ ಒಳಗಿಟ್ಟು ಬಾಗಿಲು ಹಾಕಿದಂತಾಯಿತು!

ಪರೀಕ್ಷೆ ಸುಲಭ. 'ಡೇಟ್' ಎಂದು ಕೊಟ್ಟು ದಿನಾಂಕ ನೋಡಿ. ಡಿಗ್ ಆಜ್ಞೆಗೆ '+ಸಿಡಿ' ಸೇರಿಸಿ ಕೇಳಿ. ಅದರಿಂದ ಉತ್ತರ ಬಂದು, ಇಲ್ಲದೆ ಬರದಿದ್ದರೆ ದೋಷ ಸಹಿಯದು. ಕೈಯಿಂದ ದಿನಾಂಕ ಸರಿಪಡಿಸಿ ನೇಮ್‌ಡಿಯನ್ನು ಮತ್ತೆ ಚಾಲೂ ಮಾಡಿ. ನಂತರ ಸಿಆರ್2032 ಎಂಬ ಚಿಕ್ಕ ಸೆಲ್ ತಂದು ಹಾಕಿ. ಡಿಎನ್‌ಎಸ್‌ಸೆಕ್ ಅನ್ನೇ ಬಂದ್ ಮಾಡಿ ಕೂಡಬೇಡಿ.

ದೊಡ್ಡವರಿಗೂ ತಪ್ಪದ ಪಾಠ

ಇವೆಲ್ಲ ಸಣ್ಣ ಲ್ಯಾಬಿನ ತೊಂದರೆಗಳು ಎಂದುಕೊಳ್ಳಬೇಡಿ. 2021ರ ಅಕ್ಟೋಬರ್ 4ರಂದು ರಾತ್ರಿ ನಮ್ಮಲ್ಲಿ ಒಂಬತ್ತು ಗಂಟೆಯ ನಂತರ ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಮೂರೂ ಜಗತ್ತಿನಾದ್ಯಂತ ಸುಮಾರು ಆರು ತಾಸು ನಿಂತವು. ದುರಸ್ತಿಯ ವೇಳೆ ಕೊಟ್ಟ ಒಂದು ಆಜ್ಞೆಯಿಂದ ಆ ಕಂಪನಿಯ ಒಳ ಜಾಲ ಕಡಿದುಹೋಯಿತು. ತಮ್ಮ ಕೇಂದ್ರಗಳು ಸಿಗದಿದ್ದಾಗ ಅದರ ಡಿಎನ್‌ಎಸ್ ಸರ್ವರುಗಳು, ಮೊದಲೇ ಹಾಕಿಟ್ಟ ನಿಯಮದಂತೆ, ತಮ್ಮ ಕಡೆಗೆ ಬರುವ ದಾರಿಯ ಪ್ರಕಟಣೆಯನ್ನು ಹಿಂತೆಗೆದುಕೊಂಡವು. ಸರ್ವರುಗಳು ಎದ್ದೇ ಇದ್ದವು, ಆದರೆ ಅವುಗಳನ್ನು ಕೇಳಲು ಯಾರಿಗೂ ದಾರಿ ಇರಲಿಲ್ಲ. ದೊಡ್ಡ ಕಂಪನಿಗಾದರೂ ನಮ್ಮ ಲ್ಯಾಬಿಗಾದರೂ ಮೊದಲ ಪ್ರಶ್ನೆ ಅದೇ: ದೋಷ ಹೆಸರಿನದೋ, ದಾರಿಯದೋ?

ರೂಢಿಸಿಕೊಳ್ಳಬೇಕಾದ ಅಭ್ಯಾಸಗಳು

ವಿದ್ಯಾರ್ಥಿ ಮಿತ್ರರೇ, ಆಜ್ಞೆಗಳು ಮರೆತರೂ ಪರವಾಗಿಲ್ಲ, ಅಭ್ಯಾಸಗಳನ್ನು ಮರೆಯಬೇಡಿ. ಯಾವ ಕಡತ ತಿದ್ದುವ ಮೊದಲೂ ಅದರ ಪ್ರತಿ ತೆಗೆದಿಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪರೀಕ್ಷಿಸಿ, ಆಮೇಲೆ ಮುಂದಿನದು. ಸರ್ವರಿನ ಪಕ್ಕ ಒಂದು ನೋಟ್‌ಬುಕ್ ಇಟ್ಟು ದಿನಾಂಕ, ತೊಂದರೆ, ಕಾರಣ, ಮಾಡಿದ ಬದಲಾವಣೆ, ಮಾಡಿದವರ ಹೆಸರು ಬರೆಯಿರಿ. ನೀವು ಕಾಲೇಜು ಮುಗಿಸಿ ಹೋದ ಮೇಲೆ ಬರುವ ಹುಡುಗ ಹುಡುಗಿಯರಿಗೆ ಅದೇ ಗುರು. ಸಾಧ್ಯವಾದರೆ ಹಳೆಯ ಕಂಪ್ಯೂಟರೊಂದರಲ್ಲಿ ಎರಡನೆಯ ಸರ್ವರ್ ಇಡಿ. ಬೈಂಡ್ ಆಗಲಿ ಲಿನಕ್ಸ್ ಆಗಲಿ ಹಣ ಕೇಳುವುದಿಲ್ಲ, ಕೇಳುವುದು ನಿಮ್ಮ ತಾಳ್ಮೆಯನ್ನು ಮಾತ್ರ.

ಹಿರಿಯ ಸದಸ್ಯರಲ್ಲಿ ಒಂದು ವಿನಂತಿ. ಲ್ಯಾಬಿನ ಕೀಲಿಯನ್ನು ಕಪಾಟಿನಲ್ಲಿಡದೆ ಕಲಿಯುವ ಮಕ್ಕಳ ಕೈಗೆ ಕೊಡಿ. ಹಳೆಯ ಯಂತ್ರವೊಂದನ್ನು ಅಭ್ಯಾಸಕ್ಕೆಂದೇ ಬಿಡಿ, ಅದರಲ್ಲಿ ಮೇಲಿನ ಏಳು ದೋಷಗಳನ್ನು ಬೇಕೆಂದೇ ಮಾಡಿ ಹುಡುಕಲು ಹಚ್ಚಿ. ಹೆಣ್ಣುಮಕ್ಕಳಿಗೂ ಸಮನಾದ ಅವಕಾಶ ಇರಲಿ. ಜಮಖಾನೆ ನೇಯುವ ಕೈಗಳ ಊರಿದು. ಸಾವಿರ ನೂಲಿನ ನಡುವೆ ತಪ್ಪಿದ ಒಂದು ನೂಲನ್ನು ಹುಡುಕುವ ತಾಳ್ಮೆ ನಮ್ಮ ಮನೆಗಳ ಹೆಣ್ಣುಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ.

ಹೆಸರುಗಳನ್ನು ಸರಿಯಾಗಿ ತಿಳಿಸಿಕೊಡುವುದು ಒಂದು ಅಮಾನತ್. ನಮ್ಮನ್ನು ನಂಬಿ ಕೇಳಿದವರಿಗೆ ತಪ್ಪು ದಾರಿ ತೋರಿಸಬಾರದು. ಈ ಜವಾಬ್ದಾರಿಯನ್ನು ಹೊರುವ ನಾಲ್ಕು ಜನ ಈ ಕೇಂದ್ರದಲ್ಲಿ ತಯಾರಾದರೆ, ಮುಂದಿನ ವರ್ಷ ಅರ್ಜಿಯ ಕೊನೆಯ ದಿನ ಯಾವ ಮಗುವೂ ಬರಿಗೈಯಲ್ಲಿ ಮರಳಬೇಕಾಗುವುದಿಲ್ಲ. ಅಲ್ಲಾಹನು ನಿಮ್ಮೆಲ್ಲರ ಜ್ಞಾನವನ್ನು ಹೆಚ್ಚಿಸಲಿ.